ಬರಿಗೈಯ ಓಟಗಳನ್ನೂ ಬರೆಯಿರಿ

ಆತ್ಮೀಯರೇ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ಅವರ ವೃತ್ತಿಜೀವನವನ್ನು ಕುರಿತು ನೀವು ಕಳುಹಿಸಿದ ಲೇಖನದ ಕರಡನ್ನು ನಿಧಾನವಾಗಿ ಓದಿದೆ. ಈ ಆಟವನ್ನು ಹೆಚ್ಚಾಗಿ ಕಂಡಿರದ ಓದುಗರಿಗಾಗಿ ಈ ವಿಷಯವನ್ನು ಕನ್ನಡದಲ್ಲಿ ಕೈಗೆತ್ತಿಕೊಂಡಿದ್ದೀರಿ ಎಂಬುದೇ ನನಗೆ ಸಂತೋಷ. ಆದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿದದ್ದು ದಾಖಲೆಗಳು ಮಾತ್ರ: 20 ಋತುಗಳು, 303 ಪಂದ್ಯಗಳು, 1,549 ಕ್ಯಾಚ್‌ಗಳು, 22,895 ಗಜ, ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಮೂರು ಗೆಲುವುಗಳು. ಆ ಮನುಷ್ಯ ಮೈದಾನದಲ್ಲಿ ನಿಂತು ಮಾಡುತ್ತಿದ್ದ ಕೆಲಸವೇನು ಎಂಬುದು ಕಣ್ಣಿಗೆ ಕಟ್ಟಲಿಲ್ಲ.

ನೀವೇ ಕೊಟ್ಟ ಅಂಕಿಗಳಿಂದ ಒಂದು ಲೆಕ್ಕ ಹಾಕಿ ನೋಡಿ. ಪಂದ್ಯಕ್ಕೆ ಸರಾಸರಿ ಐದು ಕ್ಯಾಚ್ ಬರುತ್ತದೆ. ಒಂದು ತಂಡ ಒಂದು ಪಂದ್ಯದಲ್ಲಿ ಸುಮಾರು ಅರವತ್ತು ಸಲ ದಾಳಿಗೆ ಇಳಿಯುತ್ತದೆ. ಅಂದರೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಕ್ಯಾಚ್ ಹಿಡಿದ ವೈಡ್ ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ) ಕೂಡ ಬಹುಪಾಲು ಹೊತ್ತು ಬರಿಗೈಯಲ್ಲಿ ಓಡುತ್ತಿದ್ದರು, ಇಲ್ಲವೇ ಚೆಂಡು ಹಿಡಿದು ಓಡುವ ಸಹ ಆಟಗಾರನಿಗಾಗಿ ಎದುರಾಳಿಯನ್ನು ಅಡ್ಡಗಟ್ಟುತ್ತಿದ್ದರು. ನಿಮ್ಮ ಲೇಖನದ ಜೀವ ಇರುವುದು ಅಲ್ಲಿ.

ತರಬೇತುದಾರ ಬಿಲ್ ವಾಲ್ಷ್ ರೈಸ್ ಅವರ ಮೊದಲ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್‌ಗೆ ಕಲಿಸಿದ ಆಟದಲ್ಲಿ, ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಇಡುವ ಮೂರು ಅಥವಾ ಐದು ಹೆಜ್ಜೆಗಳಿಗೂ ರಿಸೀವರ್ ಓಡುವ ಹೆಜ್ಜೆಗಳಿಗೂ ತಾಳೆಯಾಗಬೇಕಿತ್ತು. ಎಷ್ಟೋ ಸಲ ರಿಸೀವರ್ ತಿರುಗಿ ನೋಡುವ ಮೊದಲೇ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವರ ಕೈಯಿಂದ ಚೆಂಡು ಹೊರಟಿರುತ್ತಿತ್ತು. ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೆ ಅದು ಎದುರಾಳಿಯ ಪಾಲು. ಚೆಂಡು ತನ್ನ ಕಡೆಗೆ ಬರುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದಾಗಲೂ ಅದೇ ಬಿರುಸಿನಲ್ಲಿ ಓಡಬೇಕು, ಏಕೆಂದರೆ ಓಟ ಸಡಿಲವಾದರೆ ಎದುರು ನಿಂತು ಕಾಯುವವನಿಗೆ ಗುಟ್ಟು ತಿಳಿದುಬಿಡುತ್ತದೆ. ನೇರ ಓಟದಲ್ಲಿ ರೈಸ್ ಅವರಿಗಿಂತ ವೇಗವಾಗಿದ್ದವರು ಅನೇಕರಿದ್ದರು. ಆದರೆ ಅಭ್ಯಾಸದಲ್ಲೂ ಹಿಡಿದ ಚೆಂಡನ್ನು ಗುರಿಗೆರೆಯವರೆಗೆ ಒಯ್ದೇ ಹಿಂದಿರುಗುತ್ತಿದ್ದವರು, ಋತು ಇಲ್ಲದ ತಿಂಗಳುಗಳಲ್ಲಿ ಸಹ ಆಟಗಾರ ರೋಜರ್ ಕ್ರೇಗ್ ಅವರೊಡನೆ ಸ್ಯಾನ್ ಕಾರ್ಲೋಸ್‌ನ ಗುಡ್ಡವನ್ನು ಓಡಿಯೇ ಹತ್ತುತ್ತಿದ್ದವರು ಅವರು. ನಿಮ್ಮ ಓದುಗರಿಗೆ ಇಂಥ ಒಂದೇ ಒಂದು ಓಟವನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿ. ನಿಯಮಗಳ ವಿವರಣೆಗೆ ನೀವು ಮೀಸಲಿಟ್ಟ ಅರ್ಧ ಪುಟ ಆಗ ಬೇಕಾಗುವುದಿಲ್ಲ.

ಇಟ್ಟಿಗೆಯ ಕಥೆಯಿಂದ ನೀವು ಆರಂಭಿಸಿದ್ದೀರಿ. ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಪುಟ್ಟ ಊರಿನಲ್ಲಿ ತಂದೆ ಗಾರೆ ಕೆಲಸ ಮಾಡುತ್ತಿದ್ದರು, ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿದು ಹಿಡಿದು ಮಗನ ಕೈ ಗಟ್ಟಿಯಾಯಿತು ಎನ್ನುವುದು ನಿಜವೇ, ಸೊಗಸಾಗಿಯೂ ಇದೆ. ಆದರೆ ಅದೇ ಕೈಗಳು 1985ರ ಮೊದಲ ಋತುವಿನಲ್ಲಿ ಚೆಂಡನ್ನು ಮತ್ತೆ ಮತ್ತೆ ಕೈಚೆಲ್ಲಿದವು, ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ತವರಿನ ಪ್ರೇಕ್ಷಕರೇ ಅವರನ್ನು ಮೂದಲಿಸಿದರು. ಇಟ್ಟಿಗೆಯ ಕಥೆ ಇದಕ್ಕೆ ಉತ್ತರ ಕೊಡುವುದಿಲ್ಲ. ಮೊದಲ ವರ್ಷದ 49 ಕ್ಯಾಚ್‌ಗಳು ಮರುವರ್ಷ 86 ಆದವು. ಆ ನಡುವಿನ ತಿಂಗಳುಗಳನ್ನು ನೀವು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿ ನಿಲ್ಲಿ.

ಇನ್ನೊಂದು ವಿಷಯವನ್ನು ನೀವು ಅಭಿಮಾನದಿಂದ ಬಿಟ್ಟಿರಬಹುದು. ಕೈಗೆ ಅಂಟು ಹಚ್ಚಿಕೊಳ್ಳುವುದನ್ನು ಲೀಗ್ 1981ರಲ್ಲಿಯೇ ನಿಷೇಧಿಸಿತ್ತು. ತಾನು ಕೈಗವಸಿಗೆ ಅಂಥ ಅಂಟನ್ನು ಸಿಂಪಡಿಸಿಕೊಳ್ಳುತ್ತಿದ್ದುದಾಗಿ ರೈಸ್ 2015ರಲ್ಲಿ ಸ್ವತಃ ಹೇಳಿದರು. ಅದನ್ನು ಸೇರಿಸಲೇಬೇಕು. ನಾವು ಮೆಚ್ಚಿದವರ ಬಗ್ಗೆ ಬರೆಯುವಾಗ ಇಂಥದ್ದನ್ನು ಮುಚ್ಚಿಟ್ಟರೆ, ಓದುಗರಿಗೆ ಅದು ಬೇರೆ ಕಡೆಯಿಂದ ತಿಳಿದ ದಿನ ನಮ್ಮ ಉಳಿದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ.

ಕೊನೆಯ ವರ್ಷಗಳಿಗೆ ಹೆಚ್ಚು ಜಾಗ ಕೊಡಿ. 2001ರಲ್ಲಿ ಓಕ್ಲೆಂಡ್ ರೈಡರ್ಸ್ ಸೇರಿದ ರೈಸ್, ವಯಸ್ಸು 40 ದಾಟಿದ ಮೇಲೂ ಸೂಪರ್ ಬೌಲ್‌ನಲ್ಲಿ ಚೆಂಡನ್ನು ಗುರಿಗೆರೆ ದಾಟಿಸಿ ಟಚ್‌ಡೌನ್ ಗಳಿಸಿದರು, ತಂಡ ಮಾತ್ರ ಸೋತಿತು. 2004ರ ಸೆಪ್ಟೆಂಬರ್‌ನಲ್ಲಿ ಬಫಲೋ ತಂಡದ ವಿರುದ್ಧದ ಪಂದ್ಯದಲ್ಲಿ ಅವರಿಗೆ ಒಂದು ಚೆಂಡನ್ನೂ ಹಿಡಿಯಲಾಗಲಿಲ್ಲ. ಸತತ 274 ಪಂದ್ಯಗಳಲ್ಲಿ ಕನಿಷ್ಠ ಒಂದಾದರೂ ಕ್ಯಾಚ್ ಹಿಡಿದಿದ್ದ ಸರಣಿ ಅಂದು ಮುರಿಯಿತು. ಮುಂದಿನ ತಿಂಗಳು ಅವರು ಸಿಯಾಟಲ್ ತಂಡಕ್ಕೆ ಹೋದರು, ಅಲ್ಲಿ ಆ ತಂಡದ ಹಿಂದಿನ ರಿಸೀವರ್ ಸ್ಟೀವ್ ಲಾರ್ಜೆಂಟ್ ಅವರ ಗೌರವಾರ್ಥ ಯಾರಿಗೂ ಕೊಡದೆ ಇಟ್ಟಿದ್ದ 80ನೇ ಸಂಖ್ಯೆಯ ಅಂಗಿಯನ್ನು ಲಾರ್ಜೆಂಟ್ ಅವರ ಒಪ್ಪಿಗೆಯಿಂದ ತೊಟ್ಟರು. 2005ರಲ್ಲಿ ಡೆನ್ವರ್ ತಂಡದ ಅಭ್ಯಾಸ ಶಿಬಿರಕ್ಕೂ ಹೋಗಿ, ಋತು ಆರಂಭವಾಗುವ ಮೊದಲೇ ನಿವೃತ್ತಿ ಘೋಷಿಸಿದರು. ಇವನ್ನೆಲ್ಲ ಇಳಿಗಾಲವೆಂದು ಕರೆದು ನೀವು ಬೇಗನೆ ಮುಗಿಸಿದ್ದೀರಿ. ಆ ಹೊತ್ತಿಗೆ ದಾಖಲೆಗಳೆಲ್ಲ ಅವರ ಕೈಯಲ್ಲೇ ಇದ್ದವು. ಆದರೂ ತಂಡದಿಂದ ತಂಡಕ್ಕೆ ಹೋಗಿ, ತನಗಿಂತ ಎಷ್ಟೋ ಕಿರಿಯರ ಜೊತೆ ಅವರು ಓಡುತ್ತಿದ್ದುದು ಏಕೆ ಎಂದು ಕೇಳಿಕೊಂಡು ಬರೆಯಿರಿ.

ಬಫಲೋ ಪಂದ್ಯದಿಂದಲೇ ಲೇಖನವನ್ನು ಆರಂಭಿಸಲು ಸಾಧ್ಯವೇ ನೋಡಿ. ಇಟ್ಟಿಗೆಗಳು ನಡುವೆ ಎಲ್ಲಿಯಾದರೂ ಬರಲಿ. ತಿದ್ದಿದ ಪ್ರತಿಯನ್ನು ಕಳುಹಿಸಿ, ಕಾಯುತ್ತಿರುತ್ತೇನೆ.

ನಿಮ್ಮ ವಿಶ್ವಾಸಿ