ಒತ್ತಕ್ಷರಕ್ಕೂ ಜಾಗ ಬಿಡಿ

ಮಾನ್ಯ ಸಂಪಾದಕರೇ,

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸಿಕೊಡುವ ಕೆಲಸ. ಟೈಪಿಂಗ್ ಪರೀಕ್ಷೆ ಪಾಸಾದ ಹಿರಿಯರು ಇಂದಿಗೂ ಪೂರ್ಣವಿರಾಮದ ನಂತರ ಎರಡು ಸಲ ಸ್ಪೇಸ್ ಒತ್ತುತ್ತಾರೆ. ಟೈಪ್‌ರೈಟರ್ ಕಲಿಸಿದ ಅಭ್ಯಾಸ, ಸುಲಭಕ್ಕೆ ಹೋಗಲ್ಲ. ಇಂಗ್ಲಿಷ್‌ನಲ್ಲಿ ಹಾಗೆ ಮಾಡಿದರೆ ಮೈಕ್ರೋಸಾಫ್ಟ್ ವರ್ಡ್ 2020ರಿಂದ ತಪ್ಪೆಂದು ಗೆರೆ ಎಳೆಯುತ್ತದೆ. ಬೇಡವೆಂದರೆ ಆ ಗೆರೆಯನ್ನು ತೆಗೆಯಬಹುದು. ಅದು ನ್ಯಾಯ. ಅವರವರ ಇಷ್ಟ, ಅಲ್ವಾ?

ನನ್ನ ತಕರಾರು ಬೇರೆ. ಮೊನ್ನೆ ಒಂದು ಕಚೇರಿಗೆ ಕನ್ನಡದಲ್ಲಿ ವರದಿ ಮಾಡಿಕೊಡಬೇಕಿತ್ತು. ಸಾಲಿನ ಅಂತರ 'ನಿಖರವಾಗಿ 12 ಪಾಯಿಂಟ್' ಇರಲೇಬೇಕಂತೆ. ಇಂಗ್ಲಿಷ್ ನಮೂನೆಯಿಂದ ಸುಮ್ನೆ ಎತ್ತಿಕೊಂಡ ನಿಯಮ. 'ರಾಷ್ಟ್ರ' ಎಂದು ಬರೆದು ನೋಡಿ. 'ಷ'ದ ಕೆಳಗೆ 'ಟ' ಒತ್ತು, ಜೊತೆಗೆ 'ರ' ಒತ್ತು. ಅಷ್ಟು ಇಕ್ಕಟ್ಟಿನಲ್ಲಿ ಒತ್ತಿನ ಬುಡವೇ ಕತ್ತರಿಸಿ ಹೋಗಿತ್ತು. ಅಂತರ ಸ್ವಲ್ಪ ಜಾಸ್ತಿ ಮಾಡಿ ಕೊಟ್ಟರೆ ವರದಿ ವಾಪಸ್!

ಯೂನಿಕೋಡ್‌ನಲ್ಲೇ ಕೊಡಿ ಎಂದರೆ ಒಪ್ಪುತ್ತೇನೆ; ಆ ಸಂಕೇತ ಪದ್ಧತಿಯಲ್ಲಿ ಬರೆದದ್ದನ್ನು ಬೇರೆ ಕಂಪ್ಯೂಟರಿನಲ್ಲೂ ಓದಬಹುದು. ಹಳೇ ಫಾಂಟಿನ ಕಡತ ಬೇರೆ ಕಂಪ್ಯೂಟರಿನಲ್ಲಿ ಗೋಜಲಾಗಿ ಕಾಣುತ್ತದೆ. ಆದರೆ ಸಾಲಿನ ಅಂತರಕ್ಕೆ ಇಷ್ಟು ಬಿಗಿ ಯಾಕೆ? ನಿಯಮದಲ್ಲಿ 'ನಿಖರವಾಗಿ' ಬದಲು 'ಕನಿಷ್ಠ' ಎಂದು ತಿದ್ದಿದರೆ ಸಾಕು. ವರ್ಡ್‌ನಲ್ಲಿ ಆ ಆಯ್ಕೆ ಪಕ್ಕದಲ್ಲೇ ಇದೆ.

– ಡಿಟಿಪಿ ಆಪರೇಟರ್, ಚಾಮರಾಜಪೇಟೆ, ಬೆಂಗಳೂರು