ಕೇಳಿಸದ ಮಾತಿಗೆ ಹೂಂ ಎನ್ನಬೇಡ

ಪುಟ್ಟಿ,

ನಿನ್ನೆ ರಾತ್ರಿ "ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತೇನಪ್ಪಾ?" ಎಂದು ನೀನು ಫೋನ್ ಇಟ್ಟುಬಿಟ್ಟೆ. ನಿಜ, ನನಗೆ ಗೊತ್ತಿಲ್ಲ. ಆದರೆ ಸೋಮವಾರ ನಿನ್ನ ಪಿತ್ತಕೋಶದ ಶಸ್ತ್ರಚಿಕಿತ್ಸೆ, ಪಕ್ಕದಲ್ಲಿ ನಾನಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ಆಸ್ಪತ್ರೆಯಲ್ಲಿದ್ದ ಆ ಮೂರು ವಾರ ನಿನಗೂ ನೆನಪಿದೆ, ಅದು ಬೇಡ. ನಿನಗೆ ತಿಳಿಯದಿರುವುದು ಅದಕ್ಕೆ ಮುಂಚಿನ ಒಂದು ಸಂಜೆ. ಅವಳ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರು. ವಾರದಲ್ಲಿ ಒಂದೇ ದಿನ ನುಂಗಬೇಕಾದ ಮಾತ್ರೆ ಅದು. ಔಷಧ ಅಂಗಡಿಯವರು ಚೀಟಿಯ ಮೇಲೆ ಬೆರಳಿಟ್ಟು ಏನೋ ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಹಿಂದೆ ಜನ ಕಾಯುತ್ತಿದ್ದರು, ಮತ್ತೆ ಕೇಳಲು ಸಂಕೋಚವಾಯಿತು. ಹೂಂ ಎಂದೆ.

ಮರುದಿನದಿಂದ ರಕ್ತದೊತ್ತಡದ ಮಾತ್ರೆಯ ಜೊತೆ ಅದನ್ನೂ ದಿನಾ ಬೆಳಿಗ್ಗೆ ಅವಳ ಅಂಗೈಗೆ ಹಾಕಿದೆ. ಆರನೆಯ ದಿನ ತುಟಿಯ ಒಳಗೆಲ್ಲ ಹುಣ್ಣೆದ್ದಿತು. ಎಂಟನೆಯ ದಿನ ಒಂದು ಗುಟುಕು ನೀರೂ ಇಳಿಯದೆ ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದಳು. ಆಗಲೂ ನಾನು "ಮಾತ್ರೆ ತಪ್ಪಿಸಬಾರದಮ್ಮಾ" ಎಂದು ಬಲವಂತ ಮಾಡಿದೆ. ಅವಳು ಬಾಯಿ ತೆರೆದಳು, ಮಗ ಹೇಳುತ್ತಿದ್ದಾನಲ್ಲ ಎಂದು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು. ಆ ಮಾತ್ರೆಯ ವಿಷ ಇಳಿಸುವ ಫೋಲಿನಿಕ್ ಆಮ್ಲ ಕೊಟ್ಟು ಉಳಿಸಿಕೊಂಡರು. ಚೀಟಿ ಇನ್ನೂ ನನ್ನ ಬಳಿ ಇದೆ. ಅದರಲ್ಲಿ "ವಾರಕ್ಕೊಮ್ಮೆ" ಎಂದು ಸ್ಪಷ್ಟವಾಗಿಯೇ ಬರೆದಿದೆ. ಅಂಗಡಿಯವರ ತಪ್ಪು ಎಂದು ಎಲ್ಲರಿಗೂ ಹೇಳಿದೆ, ನಿನಗೂ. ಕ್ಷಮಿಸು.

ಆ ಅಂಗೈ ಈಗಲೂ ಕಣ್ಣ ಮುಂದೆ ಬರುತ್ತದೆ. ನೀನು ಫೋನಿನಲ್ಲಿ "ಹೂಂ, ಹೂಂ" ಎಂದಾಗಲೆಲ್ಲ ಎದೆ ಧಸಕ್ಕೆನ್ನುವುದು ಇದಕ್ಕೇ.

ಈಗ ಹೇಳುವುದನ್ನು ಬೇಸರಿಸದೆ ಓದು. ನುಂಗುವ ಪ್ರತಿ ಔಷಧದ ಹೆಸರು, ಪ್ರಮಾಣ, ಹೊತ್ತು, ಯಾಕಾಗಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೋ. ವಿಟಮಿನ್, ಗಿಡಮೂಲಿಕೆ ಏನಿದ್ದರೂ ಬಿಡಬೇಡ. ನಿನ್ನ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಮೈಕ್ರೊಗ್ರಾಂ ಲೆಕ್ಕದ್ದು. ಯಾರಾದರೂ ಮಿಲಿಗ್ರಾಂ ಎಂದು ಬರೆದುಕೊಂಡರೆ ಸಾವಿರ ಪಟ್ಟಾಗುತ್ತದೆ. ಪೆನಿಸಿಲಿನ್ ನಿನಗೆ ಆಗುವುದಿಲ್ಲ ಎಂದು ಕೇಳದಿದ್ದರೂ ಹೇಳು. ಅಮಾಕ್ಸಿಸಿಲಿನ್ ಕೂಡ ಅದೇ ಗುಂಪಿನದು, ಹೆಸರು ಬೇರೆಯೆಂದು ಮೋಸಹೋಗಬೇಡ. ಹೊಸ ಮಾತ್ರೆ, ಇಂಜೆಕ್ಷನ್ ತಂದಾಗ ಇದು ಯಾವುದು, ಏಕೆ ಎಂದು ಕೇಳು. ಕೊಡುವ ಮುಂಚೆ ನಿನ್ನ ಹೆಸರು ಕೇಳಿ ಖಚಿತಪಡಿಸಿಕೊಳ್ಳಲಿ. ಮನೆಗೆ ಕಳಿಸುವಾಗ ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂದು ಬರೆಸಿಕೋ. ನೋವಿಗೆ ಪ್ಯಾರಸಿಟಮಾಲ್ ಕೊಟ್ಟರೆ, ಶೀತದ ಎಷ್ಟೋ ಮಾತ್ರೆಗಳಲ್ಲೂ ಅದೇ ಇರುತ್ತದೆಂಬುದು ನೆನಪಿರಲಿ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಯಕೃತ್ತಿಗೆ ಪೆಟ್ಟು. ಮುಖ್ಯವಾಗಿ, ಅವರು ಹೇಳಿದ್ದನ್ನು ನಿನ್ನ ಬಾಯಿಂದ ಅವರಿಗೇ ತಿರುಗಿ ಹೇಳು. ಅಂದು ನಾನು "ದಿನಕ್ಕೊಂದು ತಾನೇ?" ಎಂದಿದ್ದರೆ ಆ ಅಂಗಡಿಯವರು ಅಲ್ಲಿಯೇ ತಡೆಯುತ್ತಿದ್ದರು.

ಇದು ನನ್ನೊಬ್ಬನ ಭಯವಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಪ್ಪುಗಳನ್ನು ತಡೆಯಲೆಂದೇ ಜಾಗತಿಕ ಅಭಿಯಾನ ಆರಂಭಿಸಿತು. ರೋಗಿಗಳೂ ಪ್ರಶ್ನೆ ಕೇಳಬೇಕು ಎಂದು ಅವರೇ ಹೇಳುತ್ತಾರೆ.

ಮತ್ತೆ ಉಪದೇಶವಾಯಿತು. ನಿನಗೆ ಕೇಳಲು ಬರುವುದಿಲ್ಲವೆಂದಲ್ಲ. ಹತ್ತು ವರ್ಷದವಳು ತರಗತಿಯಲ್ಲಿ ಎದ್ದುನಿಂತು ಮೇಷ್ಟರ ಲೆಕ್ಕ ತಪ್ಪು ಎಂದಿದ್ದೆ. ಮನೆಗೆ ಬಂದಾಗ ಬೈದೆ. ಒಳಗೆ ಎಷ್ಟು ಹೆಮ್ಮೆಯಾಗಿತ್ತೆಂದು ಹೇಳಲೇ ಇಲ್ಲ.

ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ. ಸಿಟ್ಟಿದ್ದರೂ ಎತ್ತು. ನಿನ್ನ ಹಾಳೆಯನ್ನು ನಿಧಾನವಾಗಿ ಓದು, ನಾನೂ ಬರೆದುಕೊಂಡು ನಿನಗೆ ತಿರುಗಿ ಓದಿ ಹೇಳುತ್ತೇನೆ.

ನಿನ್ನ
ಅಪ್ಪ