ನೂರಿಪ್ಪತ್ತನೇ ಪುಟದಲ್ಲಿ ನಿಂತ ಮಗಳಿಗೆ

ಬದಿಯಡ್ಕ

ಪ್ರೀತಿಯ ಮಗಳೇ,

ನೀನು ಓದುತ್ತಿರುವುದು ಒಂಬೈನೂರು ಪುಟದ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ, ನೂರಿಪ್ಪತ್ತಕ್ಕೇ ನಿಂತಿದೆ ಎಂದೆ ನೀನು. ಯಾರು ಯಾರ ಮಗ ಗೊತ್ತಾಗುವುದಿಲ್ಲ, ಹೆಸರು ನಾಲಗೆಗೆ ಹತ್ತುವುದಿಲ್ಲ, ಮಾಯೆ ಮಂತ್ರ ಉಂಟೆಂದು ಹಿಂಬದಿಯಲ್ಲಿ ಬರೆದಿದೆ, ಒಳಗೆ ಬರೀ ಮದುವೆ ಮಾತುಕತೆ ಎಂದು ದೂರಿದೆ. ತಪ್ಪು ನಿನ್ನದಲ್ಲ, ಪುಸ್ತಕದ್ದೂ ಅಲ್ಲ. ರಾಜಕಾರಣವೂ ಮಾಯೆಯೂ ಕೂಡಿದ ಇಂಥ ಫ್ಯಾಂಟಸಿಯ ಮೊದಲ ನೂರೈವತ್ತು ಪುಟ ಯಕ್ಷಗಾನದ ಆಟದ ಒಡ್ಡೋಲಗ ಇದ್ದ ಹಾಗೆ. ವೇಷಗಳು ಒಂದೊಂದಾಗಿ ಬಂದು, ಕುಣಿದು, ತಾನು ಯಾರೆಂದು ಹೇಳಿಕೊಳ್ಳುವ ಹೊತ್ತು. ಆಗಲೇ ಯುದ್ಧ ಎಲ್ಲಿ ಎಂದು ಕೇಳಿದರೆ ಭಾಗವತರು ಏನು ಮಾಡಬೇಕು, ಮಾರಾಯ್ತಿ?

ಒಂದು ನೋಟ್‌ಬುಕ್ ಇಟ್ಟುಕೋ. ಒಂದು ಮನೆತನಕ್ಕೆ ಒಂದು ಹಾಳೆ. ಹೆಸರನ್ನು ಕನ್ನಡದಲ್ಲೇ ಬರೆ, ಇದು ಮುಖ್ಯ. ಇಂಗ್ಲಿಷ್ ಅಕ್ಷರದಲ್ಲಿ ಆ ವಿಚಿತ್ರ ಹೆಸರುಗಳನ್ನು ಕಣ್ಣು ಬರೀ ಆಕಾರವಾಗಿ ಕಂಡು ದಾಟಿಬಿಡುತ್ತದೆ. ಒಂದೇ ಅಕ್ಷರದಿಂದ ಶುರುವಾಗುವ ಇಬ್ಬರು ಕಲಸಿಹೋಗುವುದು ಅದಕ್ಕೇ. ಕನ್ನಡದಲ್ಲಿ ಬರೆಯಬೇಕಾದರೆ ಹ್ರಸ್ವವೋ ದೀರ್ಘವೋ, ತಕಾರವೋ ಟಕಾರವೋ ನೀನೇ ತೀರ್ಮಾನಿಸಬೇಕು. ಲೇಖಕನ ಉಚ್ಚಾರ ಬೇರೆಯೇ ಇದ್ದರೂ ನಷ್ಟವಿಲ್ಲ, ಬಾಯಿಗೊಂದು ಹೆಸರು ಸಿಕ್ಕಿತಲ್ಲ. ಎರಡನೇ ಸಲ ಕಾಣಿಸಿಕೊಂಡವರನ್ನಷ್ಟೇ ಬರೆ. ಹನ್ನೆರಡು, ಹೆಚ್ಚೆಂದರೆ ಹದಿನೈದು ಜನ ಸಾಕು. ಕುದುರೆ ಲಾಯದ ಹುಡುಗನಿಗೋ ಅಡುಗೆಯವಳಿಗೋ ಲೇಖಕ ಹೆಸರಿಟ್ಟಿದ್ದರೆ ಮಾತ್ರ ಮೊದಲ ಸಲವೇ ಪೆನ್ಸಿಲಿನಲ್ಲಿ ಗುರುತು ಹಾಕು. ಕೆಲಸವಿಲ್ಲದವನಿಗೆ ಹೆಸರು ಕೊಡುವಷ್ಟು ಧಾರಾಳಿಗಳು ಈ ಲೇಖಕರಲ್ಲಿ ಕಡಿಮೆ.

ಹೆಸರಿನ ಮುಂದೆ ಮೂರು ಅಂಕಣ. ಇವನಿಗೆ ಏನು ಬೇಕು, ಇವನಿಗೆ ಯಾರ ಭಯ, ಇವನಿಗೆ ಏನು ಗೊತ್ತು. ಮೊದಲ ಎರಡಕ್ಕೆ ಒಂದೊಂದು ಸಾಲಿನ ಜಾಗ ಸಾಕು. ಮೂರನೆಯದಕ್ಕೆ ಅರ್ಧ ಹಾಳೆ ಬಿಡು, ಗುಟ್ಟು ತಿಳಿದ ಪುಟದ ಸಂಖ್ಯೆಯನ್ನೂ ಬರೆ. ಒಳಸಂಚಿನ ಕಾದಂಬರಿಯ ರುಚಿಯೆಲ್ಲ ಇರುವುದು ಈ ಮೂರನೇ ಅಂಕಣದಲ್ಲಿ. ಕತ್ತಿ ಯಾರ ಕೈಯಲ್ಲಿದೆ ಎನ್ನುವುದಕ್ಕಿಂತ ಯಾವ ಸುದ್ದಿ ಯಾರಿಗೆ ತಲುಪಿದೆ, ಯಾರಿಗೆ ಇನ್ನೂ ತಲುಪಿಲ್ಲ ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ ನೆನಪಿಸಿಕೋ. ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಎಂದು ಕನ್ನಡ ಗದ್ಯಕ್ಕೆ ತಂದದ್ದು ಅದೇ ಕಥೆ. ನಾಟಕದಲ್ಲಿ ನಂದರ ಮಂತ್ರಿ, ಚಾಣಕ್ಯನ ಎದುರಾಳಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಗೂಢಚಾರನಿಗೆ ಸಿಗುತ್ತದೆ. ಒಂದು ಪತ್ರ ತಯಾರಾಗುತ್ತದೆ. ಬರೆದ ಕೈ ರಾಕ್ಷಸನ ಗೆಳೆಯ ಶಕಟದಾಸನದ್ದು, ಯಾತಕ್ಕೆ ಬರೆಸಿದರೆಂದು ಅವನಿಗೇ ತಿಳಿಯದು. ಮೇಲೆ ಬಿದ್ದದ್ದು ರಾಕ್ಷಸನ ಮುದ್ರೆ. ಒಯ್ದವನು ಚಾಣಕ್ಯನ ಆಳು ಸಿದ್ಧಾರ್ಥಕ. ಅದು ರಾಕ್ಷಸನ ಜೊತೆ ಸೇರಿದ್ದ ರಾಜಕುಮಾರ ಮಲಯಕೇತುವಿನ ಕೈಗೆ ಸಿಕ್ಕಿಬೀಳಬೇಕೆಂದೇ ಹೊರಟ ಪತ್ರ. ಮುದ್ರೆ ನಿಜ, ಕೈಬರಹ ನಿಜ, ಪತ್ರ ಮಾತ್ರ ಸುಳ್ಳು. ಅಷ್ಟರಲ್ಲೇ ಒಂದು ಮೈತ್ರಿಕೂಟ ಮುರಿಯಿತು. ನಿನ್ನ ಪುಸ್ತಕದಲ್ಲಿ ಓಲೆಯೊಂದು ಬಂದ ಕೂಡಲೇ ನಾಲ್ಕು ಪ್ರಶ್ನೆ ಕೇಳು: ಬರೆದವರು ಯಾರು, ಮುದ್ರೆ ಯಾರದ್ದು, ತಂದವನು ಯಾರು, ಮೊದಲು ಒಡೆದವನು ಯಾರು. ನಾಲ್ಕರಲ್ಲಿ ಒಂದಕ್ಕೆ ಲೇಖಕ ಉತ್ತರ ಕೊಡದೆ ಮುಂದೆ ಹೋದರೆ ಅಲ್ಲೊಂದು ಚೀಟಿ ಇಡು. ಮುನ್ನೂರು ಪುಟ ಕಳೆದ ಮೇಲೆ ಅಲ್ಲಿಗೇ ಹಿಂದೆ ಬರುತ್ತೀ.

ಅಧ್ಯಾಯದ ತಲೆಯಲ್ಲಿ ಒಬ್ಬೊಬ್ಬರ ಹೆಸರು ಹಾಕಿದ್ದಾರಲ್ಲ, ಅದು ಅಲಂಕಾರಕ್ಕಲ್ಲ. ಆ ಅಧ್ಯಾಯದಲ್ಲಿ ಆ ವ್ಯಕ್ತಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಮಾತ್ರ ಇರುತ್ತದೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಕೂಟದಲ್ಲಿ ಕರ್ಣನ ಮಾತಾಡುವ ಅರ್ಥಧಾರಿ ಮಾತು ಮುಗಿಸಿದಾಗ ಕರ್ಣನೇ ಸರಿ ಅನ್ನಿಸುತ್ತದೆ, ಎದುರಿಗೆ ಕುಳಿತ ಕೃಷ್ಣ ಬಾಯಿ ತೆರೆದ ಐದು ನಿಮಿಷಕ್ಕೆ ಅದು ತಲೆಕೆಳಗಾಗುತ್ತದೆ. ಪದ್ಯ ಒಂದೇ, ಪೀಠಿಕೆ ಬೇರೆ. ಹಾಗೆಯೇ ಓದು. ‘ಅವಳು ಕಪಟಿ’ ಎಂದು ಪುಸ್ತಕ ಹೇಳಿದರೆ, ಯಾರ ಅಧ್ಯಾಯದಲ್ಲಿ ಹೇಳಿತು ಎಂದು ಮೊದಲು ನೋಡು.

ಇನ್ನು ನಕ್ಷೆ. ಹೆಚ್ಚಿನವರು ಅದನ್ನು ಹಾರಿಸುತ್ತಾರೆ, ಆಮೇಲೆ ಸೈನ್ಯ ಯಾಕೆ ಆ ಕಡೆ ಹೋಯಿತೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೌಟಿಲ್ಯನ ರಾಜಮಂಡಲವನ್ನು ಅದರ ಮೇಲೆ ಇಟ್ಟು ನೋಡು. (‘ಅರ್ಥಶಾಸ್ತ್ರ’ದ ಓಲೆಗರಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಅದು ನಮ್ಮ ಹೆಮ್ಮೆ.) ಗಡಿ ತಾಗುವವನು ಶತ್ರು, ಅವನಾಚೆಯವನು ಮಿತ್ರ, ಮಿತ್ರನ ಆಚೆಯವನು ಶತ್ರುವಿನ ಮಿತ್ರ, ಹೀಗೆ ಒಟ್ಟು ಹನ್ನೆರಡು ರಾಜರ ಲೆಕ್ಕ. ಪೆನ್ಸಿಲಿನಲ್ಲಿ ಪ್ರತಿ ರಾಜ್ಯಕ್ಕೂ ಒಂದು ಕೂಡಿಸುವ ಅಥವಾ ಕಳೆಯುವ ಗುರುತು ಹಾಕುತ್ತಾ ಹೋಗು. ಲೆಕ್ಕಕ್ಕೆ ಹೊಂದದೆ ಉಳಿದ ರಾಜ್ಯ ಒಂದು ಇದ್ದೇ ಇರುತ್ತದೆ. ಅಕ್ಕಪಕ್ಕ ಇದ್ದೂ ಸ್ನೇಹ, ದೂರ ಇದ್ದೂ ದ್ವೇಷ. ಅಲ್ಲಿ ಮದುವೆಯೋ ಒತ್ತೆಯಾಳೋ ಹಳೇ ಸಾಲವೋ ಇರುತ್ತದೆ. ಮದುವೆ ಮಾತುಕತೆ ಬೇಸರ ಎಂದೆಯಲ್ಲ, ಅದನ್ನು ನಕ್ಷೆಯ ಮೇಲೆ ಗೆರೆ ಎಳೆದು ಓದು. ಸಂಧಿ, ವಿಗ್ರಹ (ಯುದ್ಧ), ಆಸನ (ಸುಮ್ಮನೆ ಕಾಯುವುದು), ಯಾನ (ದಂಡೆತ್ತಿ ಹೋಗುವುದು), ಸಂಶ್ರಯ (ಬಲಿಷ್ಠನ ಆಶ್ರಯ), ದ್ವೈಧೀಭಾವ ಎಂಬ ಕೌಟಿಲ್ಯನ ಆರು ಗುಣಗಳಲ್ಲಿ, ಅಂದರೆ ನೀತಿಗಳಲ್ಲಿ, ಕೊನೆಯದ್ದು, ಒಬ್ಬನೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬನ ಮೇಲೆ ಯುದ್ಧ ಹೂಡುವುದು. ಈ ಕಾದಂಬರಿಗಳಿಗೆ ತುಂಬ ಪ್ರಿಯವಾದ ನೀತಿ ಅದು.

ದೂರವನ್ನೂ ಅಳೆ. ಕಾಲ್ನಡಿಗೆಯ ಸೈನ್ಯ ದಿನಕ್ಕೆ ಸುಮಾರು 20 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50, ಅಂದರೆ ಎರಡೂವರೆ ದಿನ. ಅದೂ ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳನ್ನೂ ಕೊನೆಗೆ ನೇತ್ರಾವತಿಯನ್ನೂ ದಾಟಲು ದೋಣಿ ಇದ್ದರೆ. ಜಡಿಮಳೆಯ ಆಟಿ ತಿಂಗಳಲ್ಲಿ ಆದರೆ ಮಾತೇ ಇಲ್ಲ. ಒಬ್ಬ ಸೈನಿಕನಿಗೆ ದಿನಕ್ಕೆ ಒಂದು ಕಿಲೋ ಧಾನ್ಯ ಹಿಡಿದರೆ ಹತ್ತು ಸಾವಿರ ಜನಕ್ಕೆ ಹತ್ತು ಟನ್. ಎತ್ತಿನ ಗಾಡಿಗೆ ಅರ್ಧ ಟನ್ನಿನಂತೆ ದಿನಕ್ಕೆ ಇಪ್ಪತ್ತು ಗಾಡಿ, ತಿಂಗಳಿಗೆ ಆರುನೂರು. ಎತ್ತಿನ ಹೊಟ್ಟೆ, ಕುದುರೆಯ ಹುರುಳಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಳ್ಳೆಯ ಲೇಖಕ ಈ ಅಕ್ಕಿಯ ಚಿಂತೆಯಿಂದಲೇ ಕಥೆ ಹುಟ್ಟಿಸುತ್ತಾನೆ: ಸೇತುವೆ ಇರುವ ಸಣ್ಣ ಪಾಳೆಯಗಾರ ದೊಡ್ಡ ರಾಜನನ್ನು ಕಾಯಿಸುತ್ತಾನೆ. ಸೋಮಾರಿ ಲೇಖಕನ ಸೈನ್ಯ ಅಧ್ಯಾಯ ಬದಲಾಗುವಷ್ಟರಲ್ಲಿ ಖಂಡವನ್ನೇ ದಾಟಿರುತ್ತದೆ. ಕೋಟೆ ಮುತ್ತಿಗೆ ಬಂದಾಗ ಬೇಕಲವನ್ನು ಕಣ್ಣ ಮುಂದೆ ತಂದುಕೋ. ಹದಿನೇಳನೇ ಶತಮಾನದಲ್ಲಿ ಇಕ್ಕೇರಿ ನಾಯಕರು ಕಟ್ಟಿದ ಆ ಮುರಕಲ್ಲಿನ (ಜಂಬಿಟ್ಟಿಗೆಯ) ಕೋಟೆಯ ಗೋಡೆಯಲ್ಲಿ ದೂರದ ಗುರಿಗೆ ಮೇಲಿನ ಕಿಂಡಿ, ಹತ್ತಿರ ಬಂದವರಿಗೆ ಕೆಳಗಿನದ್ದು. ಒಳಗೆ ಮೆಟ್ಟಿಲಿಳಿದು ಹೋಗುವ ಕೆರೆ. ಪುಸ್ತಕದ ಕೋಟೆಯಲ್ಲಿ ನೀರೆಲ್ಲಿದೆ ಎಂದು ಹೇಳದಿದ್ದರೆ ಆ ಮುತ್ತಿಗೆಯನ್ನು ನಾನು ನಂಬುವುದಿಲ್ಲ.

ಪಟ್ಟದ ಜಗಳ ನಿನಗೆ ವಿಚಿತ್ರ ಅನ್ನಿಸುವುದಕ್ಕೆ ಕಾರಣ ಉಂಟು. ಈ ಕಾದಂಬರಿಗಳಲ್ಲಿ ಪಟ್ಟ ತಂದೆಯಿಂದ ಹಿರಿಯ ಮಗನಿಗೆ, ಅದೂ ಧರ್ಮಪತ್ನಿಯ ಮಗನಿಗೆ. ಹಾಗಾಗಿ ‘ಇವನು ನಿಜಕ್ಕೂ ರಾಜನ ಮಗನೇ’ ಎಂಬ ಒಂದು ಗುಸುಗುಸು ಸಾಕು, ರಾಜ್ಯ ಹೊತ್ತಿಕೊಳ್ಳುತ್ತದೆ. ಇದು ಇಂಗ್ಲೆಂಡಿನ ಚರಿತ್ರೆಯಿಂದ ಬಂದ ಸರಕು. ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ಕಾದಾಟ ಶುರುವಾದದ್ದು 1455ರಲ್ಲಿ. 1483ರಲ್ಲಿ ಹನ್ನೆರಡು ವರ್ಷದ ಐದನೇ ಎಡ್ವರ್ಡನ ಅಪ್ಪ ಅಮ್ಮನ ಮದುವೆಯೇ ಸಿಂಧುವಲ್ಲ ಎಂದು ವಾದಿಸಿ ಚಿಕ್ಕಪ್ಪ ರಿಚರ್ಡ್ ಪಟ್ಟವೇರಿದ. ನಮ್ಮ ಕಡೆ ಹಿಂದೆ ಇದ್ದ ಅಳಿಯಸಂತಾನದಲ್ಲಿ ಸೋದರಿಯ ಮಗನಿಗೆ ಹಕ್ಕು ಇತ್ತು. ತಂದೆ ಯಾರೆಂಬ ಅನುಮಾನಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ, ಹೆತ್ತವಳು ಯಾರೆಂದು ಊರಿಗೆಲ್ಲ ಗೊತ್ತಿರುತ್ತದಲ್ಲ! ಆ ಕಟ್ಟು ಇಟ್ಟರೆ ಇಂಥ ಕಾದಂಬರಿಗಳಲ್ಲಿ ಅರ್ಧದಷ್ಟು ಮೂರನೇ ಅಧ್ಯಾಯಕ್ಕೇ ಮಂಗಳ ಹಾಡಬೇಕಾದೀತು. ಆಗ ಜಗಳ ಅಕ್ಕತಂಗಿಯರ ಮಕ್ಕಳ ನಡುವೆ ಹುಟ್ಟುತ್ತದೆ, ಅದು ಬೇರೆ ಕಥೆ.

ಪದವಿಗಳ ಹೆಸರಿಗೆ ಗಾಬರಿಯಾಗಬೇಡ. ವಾಸಲ್ ಅಂದರೆ ಸಾಮಂತ. ಸ್ಟೀವರ್ಡ್ ಅಂದರೆ ಪಾರುಪತ್ಯಗಾರ, ಬೀಗದ ಕೈ ಅವನ ಸೊಂಟದಲ್ಲಿ, ಆದ್ದರಿಂದ ಅವನ ಮೇಲೊಂದು ಕಣ್ಣಿರಲಿ. ರೀಜೆಂಟ್ ಅಂದರೆ ರಾಜ ಎಳೆಯನಾದಾಗ ಅವನ ಹೆಸರಲ್ಲಿ ಆಳುವವ. ವಾರ್ಡ್ ಎಂದು ಮರ್ಯಾದೆಗೆ ಹೇಳಿದ ಹುಡುಗ ಎಷ್ಟೋ ಸಲ ಒತ್ತೆಯಾಳೇ.

ಮಾಯೆ ತಡವಾಗಿ ಬರುವುದು ಒಳ್ಳೆಯ ಲಕ್ಷಣ. ಬಂದಾಗ ನಾಲ್ಕು ಸಂಗತಿ ಹುಡುಕು: ಯಾರಿಗೆ ಸಾಧ್ಯ, ಶಕ್ತಿ ಎಲ್ಲಿಂದ, ಬೆಲೆ ಏನು, ಮಿತಿ ಎಲ್ಲಿ. ಬೆಲೆಯಿಲ್ಲದ ಮಾಯೆ ರಾಜಕಾರಣವನ್ನು ತಿಂದುಹಾಕುತ್ತದೆ. ಕೈ ಬೀಸಿದರೆ ಸೈನ್ಯ ಸುಟ್ಟುಹೋಗುವುದಾದರೆ ಮಂತ್ರಾಲೋಚನೆ ಯಾತಕ್ಕೆ, ಸಂಧಿ ಯಾತಕ್ಕೆ? ಬ್ರಾಂಡನ್ ಸ್ಯಾಂಡರ್ಸನ್ ಎಂಬ ಅಮೆರಿಕದ ಲೇಖಕನ ಸೂತ್ರವೊಂದಿದೆ: ಮಾಯೆಯ ಕಟ್ಟಳೆ ಓದುಗನಿಗೆ ಎಷ್ಟು ತಿಳಿದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಮಾಯೆಯಿಂದ ತೊಡಕು ಬಿಡಿಸಿದರೆ ಒಪ್ಪಿಗೆಯಾಗುತ್ತದೆ. ನಾನು ಇನ್ನೊಂದು ಸೇರಿಸುತ್ತೇನೆ. ತೊಡಕು ತಂದೊಡ್ಡುವ ಮಾಯೆ ಎಷ್ಟು ನಿಗೂಢವಾಗಿದ್ದರೂ ತೊಂದರೆಯಿಲ್ಲ. ಬಿಡಿಸುವ ಮಾಯೆಯ ಗುಟ್ಟು ಮೊದಲೇ ಕಾಣಿಸಿರಬೇಕು.

ರಾಜಕಾರಣ ಮತ್ತು ಮಾಯೆ ಒಂದಕ್ಕೊಂದು ಹೆಣೆದುಕೊಳ್ಳುವುದು ಹೇಗೆಂದು ನೋಡಲು ಕರ್ಣನ ಶಕ್ತ್ಯಾಯುಧಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣದು. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದದ್ದು, ಅದು ಬೆಲೆ. ಒಂದೇ ಸಲ ಪ್ರಯೋಗ, ಅದು ಮಿತಿ. ಅರ್ಜುನನಿಗಾಗಿ ಕಾದಿರಿಸಿದ್ದು, ಅದು ಎಲ್ಲರಿಗೂ ಗೊತ್ತು. ಕೃಷ್ಣ ಆಯುಧವನ್ನು ಎದುರಿಸಲೇ ಇಲ್ಲ, ಖರ್ಚು ಮಾಡಿಸಿದ. ಹದಿನಾಲ್ಕನೇ ದಿನದ ರಾತ್ರಿ ಘಟೋತ್ಕಚನನ್ನು ಮುಂದೆ ಬಿಟ್ಟ. ನಿನ್ನ ಪುಸ್ತಕದಲ್ಲಿ ಅಂಥದ್ದೊಂದು ಶಕ್ತಿ ಯಾರ ಬಳಿಯಾದರೂ ಇದ್ದರೆ, ಅದನ್ನು ಯಾರು ಖರ್ಚು ಮಾಡಿಸಲು ನೋಡುತ್ತಿದ್ದಾರೆ ಎಂದು ನಿನ್ನ ಮೂರನೇ ಅಂಕಣದಲ್ಲಿ ಹುಡುಕು. ಭವಿಷ್ಯವಾಣಿ ಬಂದರೆ ಅಕ್ಷರ ಬಿಡದೆ ನಕಲು ಮಾಡು. ಸಾರಾಂಶ ಬರೆದರೆ ಕೆಟ್ಟಿತು. ಹಿರಣ್ಯಕಶಿಪುವಿನ ವರದ ಹಾಗೆ, ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಹೊತ್ತು, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲು, ಎಲ್ಲ ಆ ಶಬ್ದಗಳ ಸಂದಿಯಲ್ಲೇ ಇರುತ್ತದೆ.

ಕೆಡುವುದು ಎಲ್ಲೆಂದರೆ, ಹೆಸರು ಮರೆತಾಗ ಮೊಬೈಲಿನಲ್ಲಿ ಹುಡುಕುವುದರಲ್ಲಿ. ಮೊದಲ ಸಾಲಿನಲ್ಲೇ ಅವನನ್ನು ಕೊಂದವರು ಯಾರೆಂದು ಬರೆದಿರುತ್ತಾರೆ. ಕೊನೆಯ ಅನುಬಂಧದ ವಂಶಾವಳಿಯೂ ಅಷ್ಟೇ, ಕೆಲವು ಪುಸ್ತಕಗಳಲ್ಲಿ ಅದು ಕಥೆ ಮುಗಿದ ಮೇಲಿನ ಸ್ಥಿತಿ ಹೇಳುತ್ತದೆ. ಫೋನಿನಲ್ಲಿ ಓದುವುದಾದರೆ ನಕ್ಷೆಯನ್ನು ಎ4 ಹಾಳೆಗೆ ಪ್ರಿಂಟ್ ತೆಗೆದುಕೋ. ದಿನಕ್ಕೆ ನಲವತ್ತು ಪುಟ, ಅಧ್ಯಾಯದ ನಡುವೆ ನಿಲ್ಲಿಸದೆ. ವಾರಗಟ್ಟಲೆ ಬಿಟ್ಟರೆ ಹಿಂದಿನ ಎರಡು ಅಧ್ಯಾಯ ಮತ್ತೆ ಓದಬೇಕಾಗುತ್ತದೆ. ಇನ್ನೂರು ಪುಟ ದಾಟಿದ ಮೇಲೂ ಒಬ್ಬರ ಮೇಲೂ ನಿನಗೆ ಕುತೂಹಲ ಹುಟ್ಟದಿದ್ದರೆ ಮುಚ್ಚಿಡು, ಅದು ಪುಸ್ತಕದ ಸೋಲು.

ಎರಡನೇ ಸಂಪುಟಕ್ಕೆ ದುಡ್ಡು ಕೇಳುವ ಮೊದಲು ಸರಣಿ ಮುಗಿದಿದೆಯೇ ನೋಡು. ಇಂಥದ್ದೇ ಫ್ಯಾಂಟಸಿ ಬರೆಯುವ ಜಾರ್ಜ್ ಆರ್. ಆರ್. ಮಾರ್ಟಿನ್ ತನ್ನ ಸರಣಿಯ ಮೊದಲ ಪುಸ್ತಕ ತಂದದ್ದು 1996ರಲ್ಲಿ, ಐದನೆಯದು 2011ರಲ್ಲಿ, ಆರನೆಯದಕ್ಕೆ ಓದುಗರು ಹತ್ತು ವರ್ಷ ದಾಟಿ ಕಾದಿದ್ದಾರೆ. ನಿನ್ನ ಕೈಯಲ್ಲಿರುವುದರ ಬೆನ್ನನ್ನು ಒಮ್ಮೆಲೇ ಬಿಚ್ಚಬೇಡ, ಮುಂದಿನಿಂದ ಇಪ್ಪತ್ತು ಪುಟ, ಹಿಂದಿನಿಂದ ಇಪ್ಪತ್ತು ಪುಟ ಹೀಗೆ ಮೆಲ್ಲನೆ ಒತ್ತುತ್ತಾ ಮಧ್ಯಕ್ಕೆ ಬಾ. ಅಂಟು ಬಿಟ್ಟರೆ ಮಳೆಗಾಲದಲ್ಲಿ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ, ಅದೂ ಸರಿಯಾಗಿ ಯಾರು ವಿಷ ಹಾಕಿದರೆಂದು ತಿಳಿಯಬೇಕಾದ ಜಾಗದಲ್ಲಿ.

ನಿನ್ನ
ಅಮ್ಮ